ಮೊಮ್ಮಗಳು ನನ್ನ ಮಡಿಲು ಬಿಚ್ಚಿಸಿದ ಆಟಿ

ನನ್ನ ಮೊಮ್ಮಗಳು ಫಾರೆಸ್ಟ್ ಗಾರ್ಡ್ ಆಗಿದ್ದಾಳೆ! ಅದೂ ಎಲ್ಲೋ ದೂರದಲ್ಲಲ್ಲ, ನಮ್ಮ ಬೆಟ್ಟದ ಅಭಯಾರಣ್ಯದ ಗೇಟಿನಲ್ಲೇ. ‘ಹೆಣ್ಣುಮಗಳಿಗೆ ಕಾಡಿನ ಕೆಲಸ ಯಾಕೆ’ ಎಂದು ಮೂಗು ಮುರಿದ ನೆಂಟರು ಇದನ್ನು ಎರಡೆರಡು ಸಲ ಓದಿಕೊಳ್ಳಲಿ. ನಾನು ಹೆಚ್ಚು ಓದಿದವಳಲ್ಲ, ಆದರೆ ಸಿಟ್ಟು ಬಂದರೆ ಅಕ್ಷರ ತಾನಾಗಿ ಬರುತ್ತದೆ.

ಅವಳು ಕೆಲಸಕ್ಕೆ ಸೇರಿದ ವಾರವೇ ಆಟಿ ಹದಿನೆಂಟು, ಅಂದರೆ ಮಳೆಗಾಲದ ಆಟಿ ತಿಂಗಳ ಹದಿನೆಂಟನೇ ದಿನದ ಹಬ್ಬ ಬಂತು. ಆ ದಿನ ಆಟಿ ಸೊಪ್ಪಿಗೆ ಹದಿನೆಂಟು ಬಗೆಯ ಮದ್ದು ಸೇರುತ್ತದೆ ಎಂದು ನಮ್ಮ ನಂಬಿಕೆ. ಸೊಪ್ಪು ಬೇಯಿಸಿ, ಸೋಸಿದ ನೇರಳೆ ಬಣ್ಣದ ನೀರಿನಲ್ಲಿ ಪಾಯಸ ಮಾಡುತ್ತೇವೆ. ಮೊದಲು ತೋಟದ ಬದಿಯಲ್ಲೇ ಸಿಗುತ್ತಿತ್ತು. ಪಕ್ಕದ ಎಸ್ಟೇಟಿನವರು ಕಳೆನಾಶಕ ಹೊಡೆದು ಹೊಡೆದು ಬೇರು ಸಮೇತ ಸುಟ್ಟರು. ಅವರ ಕೈಗೆ ಕಜ್ಜಿ ಹತ್ತಲಿ. ಹಾಗಾಗಿ ಆ ಬೆಳಿಗ್ಗೆ ಮೊಮ್ಮಗಳು ಡ್ಯೂಟಿಗೆ ಬರುವ ಮೊದಲೇ ನಾನು ಗೇಟು ದಾಟಿ, ಕಾಡಿನೊಳಗಿನ ತೊರೆಯ ಪಕ್ಕ ಕೊಯ್ದು, ಮಡಿಲು ತುಂಬಿಕೊಂಡು ವಾಪಸು ಬರುತ್ತಿದ್ದೆ.

ಗೇಟಿನಲ್ಲಿ ಒಂದು ಜೀಪನ್ನು ಮೊಮ್ಮಗಳು ತಡೆದು ನಿಲ್ಲಿಸಿದ್ದಳು. ಬಿಚ್ಚಿದ ಗೋಣಿಚೀಲಗಳಲ್ಲಿ ಮರದಿಂದ ಪಾಚಿ ಸಮೇತ ಕಿತ್ತ ಸೀತಾಳೆ ದಂಡೆಯ ಹೂಗಿಡ, ಬಂಡೆಗಂಟಿ ಬೆಳೆಯುವ ಕರ್ಣಕುಂಡಲ. ಆ ಕರ್ಣಕುಂಡಲವಂತೂ ನಮ್ಮ ಘಟ್ಟದ ಸಾಲು ಬಿಟ್ಟರೆ ಇನ್ನೆಲ್ಲೂ ಹುಟ್ಟದು; ಎರಡೂ ಮಂಜು ಕುಡಿದು ಬದುಕುವ ಗಿಡಗಳು. ಯಾವುದೋ ರೆಸಾರ್ಟಿನ ಕುಂಡದಲ್ಲಿ ಒಣಗಿ ಸಾಯಲು ಹೊರಟಿದ್ದವು.

‘ನಾಕ್ ಹುಲ್ಲುಕಡ್ಡಿಗೆ ಎಂಥ ಜೋರಮ್ಮ ನಿಂದು,’ ಎನ್ನುತ್ತಿದ್ದ ನಮ್ಮೂರಿನದೇ ಡ್ರೈವರ್ ನನ್ನನ್ನು ಕಂಡದ್ದೇ ಹಲ್ಲು ಕಿರಿದ. ‘ಅಗೋ, ನಿಮ್ಮಜ್ಜಿನೇ ಬಂದ್ರು. ಮಡ್ಲಲ್ಲಿ ಏನೈತೆ ಕೇಳು. ಅವರನ್ನ ಬಿಡೋದಾದ್ರೆ ನನ್ನೂ ಬಿಡು.’

ಮೊಮ್ಮಗಳು ತುಟಿ ಕಚ್ಚಿದಳು. ನನ್ನನ್ನು ಬಿಟ್ಟರೆ ಆ ಚೀಲಗಳೂ ಹೋಗುತ್ತವೆ. ನಾಳೆಯಿಂದ ಆ ಗೇಟಿನಲ್ಲಿ ಅವಳ ಮಾತನ್ನು ನಾಯಿಯೂ ಕೇಳುವುದಿಲ್ಲ.

‘ಅಜ್ಜಿ, ಸೊಪ್ಪು ಇಲ್ಲಿ ಸುರಿ.’

‘ಏನಂದೆ? ನಿನ್ನ ಎಣ್ಣೆ ತಿಕ್ಕಿ ಬೆಳೆಸ್ದೋಳು ಕಣೇ ನಾನು!’

‘ಗೊತ್ತು. ಸುರಿ ಅಜ್ಜಿ. ಇನ್ನೊಂದ್ಸಲ ಕೊಯ್ದ್ರೆ ನಿನ್ ಮೇಲೂ ಕೇಸ್ ಬರೀತೀನಿ.’

ಮೈಯೆಲ್ಲ ಉರಿದುಹೋಯಿತು. ಅಷ್ಟೂ ಸೊಪ್ಪನ್ನು ಅವಳ ಬೂಟಿನ ಮುಂದೆ ಸುರಿದೆ. ಖಾಲಿ ಸೆರಗು ಕೊಡವಿ ಡ್ರೈವರನ ಕಡೆ ತಿರುಗಿದೆ.

‘ನೋಡ್ದ್ಯಾ? ಈಗ ಇಳ್ಸೋ ನಿನ್ ಮೂಟೆ, ಗಂಟುಕಳ್ಳ!’

ಬೈದುಕೊಳ್ಳುತ್ತಲೇ ಇಳಿಸಿದ. ಮೊಮ್ಮಗಳು ಕೇಸು ಬರೆದಳು. ನಾನು ಪಕ್ಕದಲ್ಲೇ ನಿಂತು ಮೂಟೆ ಎಣಿಸಿಕೊಟ್ಟೆ, ಖುಷಿಗೆ.

ಮನೆಯಲ್ಲಿ ಸೊಸೆ ಬೆಲ್ಲ ಕರಗಿಸಿಕೊಂಡು ಕಾಯುತ್ತಿದ್ದಳು. ‘ಸೊಪ್ಪೆಲ್ಲಿ ಅತ್ತೆ?’

‘ನಿನ್ ಮಗಳನ್ನೇ ಕೇಳು!’

ಸಂಜೆ ಎಲ್ಲರೂ ಸಾಲಾಗಿ ಕೂತು ಕಡುಬು, ನಾಟಿಕೋಳಿ ಸಾರು ಉಂಡೆವು. ಮೇಲೆ ಸೊಪ್ಪಿಲ್ಲದ ಬರೀ ಬೆಲ್ಲದ ಪಾಯಸ. ‘ಇದೆಂಥ ಆಟಿನೋ,’ ಎಂದು ಮಗ ಗೊಣಗಿದ.

‘ಬಾಯ್ಮುಚ್ಕೊಂಡ್ ತಿನ್ನೋ, ಗಾರ್ಡಮ್ಮ ಕೂತವ್ಳೆ,’ ಎಂದು ಗದರಿಸಿ, ಕೋಳಿಯ ತೊಡೆಯನ್ನು ಮೊಮ್ಮಗಳ ತಟ್ಟೆಗೇ ಹಾಕಿದೆ.