ಗಂಗರತ್ನಮ್ಮನ ಕೊರಳಿನ ರೂಪಾಯಿ

ಬಂಗಾರಪೇಟೆಯ ಕೋದಂಡಪ್ಪನಿಗೆ ಹಳೆಯ ಬೆಳ್ಳಿ ರೂಪಾಯಿ ಕೊಳ್ಳುವುದೇ ಕಸುಬು. ಬೂದಿಕೋಟೆ ಸಂತೆಯಲ್ಲಿ ಹೋಗಿ ಕೂತರೆ ಸುತ್ತಲ ಹಳ್ಳಿಯವರು ಸೆರಗಿನಲ್ಲೋ ಎಲೆಅಡಿಕೆ ಚೀಲದಲ್ಲೋ ಕಟ್ಟಿ ತಂದು ಅವನ ಮುಂದೆ ಸುರಿಯುತ್ತಿದ್ದರು. ನಯಾಪೈಸೆ ಬಂದು, ಹಳೆಯದು ಇನ್ನು ನಡೆಯದೆಂಬ ಹೆದರಿಕೆ ಹುಟ್ಟಿದ ಮೇಲಂತೂ ಗಡಿಗೆಯಲ್ಲಿ ಹೂತಿಟ್ಟದ್ದೆಲ್ಲ ಮೇಲೆ ಬಂತು. ಅವನ್ನು ಮನೆಗೆ ತಂದು ಚಾಪೆಯ ಮೇಲೆ ಹರಡಿ ಮೂರು ಪಾಲು ಮಾಡುವುದು. ಕಿರೀಟದ ಮಣಿ, ತಲೆಗೂದಲು, ಅಂಚಿನ ಅಕ್ಷರ ಎಲ್ಲವೂ ಎದ್ದು ಕಾಣುವಂಥವು ಮದರಾಸಿನ ನಾಣ್ಯದ ವ್ಯಾಪಾರಿಗೆ. ಮುಖದ ಗುರುತು ಸಿಗುವಷ್ಟು ಉಳಿದವು ಲಕ್ಷ್ಮೀಪೂಜೆಗೆ ಕೇಳಿಕೊಂಡು ಬರುವವರಿಗೆ. ಬೋಳಾದವು ಕರಗಿಸಲು ಅಕ್ಕಸಾಲಿಯ ಮೂಸೆಗೆ. ಈ ಕೆಲಸದಲ್ಲಿ ಕೋದಂಡಪ್ಪನನ್ನು ಮೀರಿಸುವವರು ಕೋಲಾರದ ಸೀಮೆಯಲ್ಲೇ ಇಲ್ಲ ಎಂಬ ಮಾತಿತ್ತು. ಅದನ್ನು ಹೆಚ್ಚಾಗಿ ಆಡುತ್ತಿದ್ದವನು ಕೋದಂಡಪ್ಪನೇ.

ಹೇಳಬೇಕಾದ್ದು ಅವನ ಎರಡನೆಯ ಹೆಂಡತಿ ಗಂಗರತ್ನಮ್ಮನ ವಿಚಾರ. ಮೊದಲ ಹೆಂಡತಿ ನರಸಮ್ಮ ಮೂವತ್ತಾರನೇ ಇಸವಿಯಲ್ಲಿ ಜ್ವರ ಬಂದು ತೀರಿಕೊಂಡಿದ್ದಳು. ಬೆಳ್ಳಿ ರೂಪಾಯಿಯ ಮೇಲಿದ್ದ ಗಡ್ಡದ ರಾಜ ಸತ್ತದ್ದೂ ಅದೇ ವರ್ಷ, ಹಾಗಾಗಿ ಮನೆಯಲ್ಲಿ ಯಾರೂ ಇಸವಿ ಮರೆಯುವಂತಿರಲಿಲ್ಲ. ಐದು ವರ್ಷ ಕಳೆದು ಗಂಗರತ್ನಮ್ಮ ಆ ಮನೆಗೆ ಬಂದಾಗ ಅವಳಿಗಿನ್ನೂ ಹದಿನೆಂಟು. ಆ ಮನೆತನದಲ್ಲಿ ಎರಡನೆಯವಳ ಕೊರಳಿಗೆ ತಾಳಿಯ ಜೊತೆಗೆ ಸವತಿ ಬಿಲ್ಲೆಯನ್ನೂ ಕಟ್ಟುತ್ತಿದ್ದರು. ಸತ್ತವಳ ಹೆಸರಿನಲ್ಲಿ ಒಂದು ಬೆಳ್ಳಿ ಬಿಲ್ಲೆ ಕೊರಳಲ್ಲಿರಬೇಕು, ಇಲ್ಲವಾದರೆ ಅವಳು ಮುನಿದು ಹುಟ್ಟುವ ಮಕ್ಕಳ ಮೇಲೆ ಹಗೆ ಸಾಧಿಸುತ್ತಾಳೆ ಎಂಬ ನಂಬಿಕೆ. ಕೋದಂಡಪ್ಪ ಸುತ್ತ ಬೆಳ್ಳಿಯ ಕಟ್ಟು ಹಾಕಿಸಿದ ಒಂದು ರೂಪಾಯಿಯನ್ನು ತಂದು, ಇದು ನರಸಮ್ಮ ಸಾಯುವಾಗ ಅವಳ ಸೆರಗಿನ ಗಂಟಿನಲ್ಲಿದ್ದದ್ದು ಎಂದು ನೆಂಟರೆಲ್ಲರ ಎದುರಿಗೆ ಹೇಳಿ ತಾಯಿಯ ಕೈಗೆ ಕೊಟ್ಟ. ತಾಯಿ ಪಾಪಕ್ಕ ಅದನ್ನು ಕಣ್ಣಿಗೊತ್ತಿಕೊಂಡು ಸೊಸೆಗೆ ಕಟ್ಟಿದಳು.

ಅಂದಿನಿಂದ ಆ ಮನೆಯಲ್ಲಿ ಗಂಗರತ್ನಮ್ಮ ಯಾವುದರಲ್ಲೂ ಮೊದಲನೆಯವಳಾಗಲಿಲ್ಲ. ಹೊಸ ಸೀರೆ ಬಂದರೆ ಮೊದಲು ಬಿಲ್ಲೆಗೆ ಮುಟ್ಟಿಸಬೇಕು, ಆಮೇಲೆ ಉಡಬೇಕು. ಹೆಣ್ಣುಮಗು ಹುಟ್ಟಿದಾಗ ತನ್ನ ತಾಯಿ ಅಂಜಮ್ಮನ ಹೆಸರಿಡಬೇಕೆಂದು ಇವಳಿಗೆ ಬಹಳ ಆಸೆಯಿತ್ತು. ಪಾಪಕ್ಕ ಒಪ್ಪಲಿಲ್ಲ. ಕೊರಳಲ್ಲಿರುವವಳು ಸುಮ್ಮನಿರುತ್ತಾಳೆಯೇ ಎಂದು ಹೆದರಿಸಿ ಮಗುವಿಗೂ ನರಸಮ್ಮ ಎಂದೇ ಹೆಸರಿಟ್ಟಳು. ಗಂಗರತ್ನಮ್ಮ ಅತ್ತು ಸುಮ್ಮನಾದಳು. ಪ್ರತಿ ಶುಕ್ರವಾರ ಹುಣಸೆಹಣ್ಣು, ಒಲೆಯ ಬೂದಿ ಹಾಕಿ ಬಿಲ್ಲೆಯನ್ನು ಗಸಗಸ ಉಜ್ಜಿ, ಅರಿಸಿನ ಕುಂಕುಮ ಇಡುವುದನ್ನು ಮಾತ್ರ ಒಂದು ವಾರವೂ ತಪ್ಪಿಸಲಿಲ್ಲ.

ಹೆದರಿಕೆಯಿಂದ ಶುರುವಾದದ್ದು ಬರಬರುತ್ತಾ ಸ್ನೇಹವಾಯಿತು. ಗಂಡ ಸಂತೆ ಸಂತೆ ಸುತ್ತುವವನು, ಅತ್ತೆ ಬಾಯಿ ಬಿಟ್ಟರೆ ಬೈಗುಳ. ಮನಸ್ಸು ಬಿಚ್ಚಿ ಮಾತಾಡಲು ಇದ್ದವಳು ಕೊರಳಲ್ಲಿದ್ದವಳೊಬ್ಬಳೇ. ಅಕ್ಕಾ ಎಂದೇ ಕರೆಯುತ್ತಿದ್ದಳು. ರೊಟ್ಟಿ ತಟ್ಟುತ್ತಾ ಬಿಲ್ಲೆಗೆ ಎಲ್ಲವನ್ನೂ ಹೇಳಿಕೊಳ್ಳುತ್ತಿದ್ದಳು, ಅಕ್ಕನ ಉತ್ತರವೂ ಅವಳಿಗೆ ಕೇಳುತ್ತಿತ್ತು. ಅವಳ ಮನಸ್ಸಿನಲ್ಲಿದ್ದ ನರಸಮ್ಮ ಎತ್ತರದ ಆಳು, ಮಾತು ಜೋರು, ಪಾಪಕ್ಕನನ್ನು ಇವಳ ಪರವಾಗಿ ಚೆನ್ನಾಗಿ ಝಾಡಿಸುತ್ತಿದ್ದಳು. ಮಗಳಿಗೆ ಜ್ವರ ಏರಿ ಪ್ರಜ್ಞೆ ತಪ್ಪಿದಾಗ ಇವಳು ಬಿಲ್ಲೆಯನ್ನು ಹಿಡಿದು, ನಿನ್ನ ಹೆಸರಿಟ್ಟುಕೊಂಡದ್ದು, ನೀನೇ ಉಳಿಸು ಎಂದು ಜಗಳವಾಡಿದ್ದಳು. ಜ್ವರ ಇಳಿಯಿತು. ಹೆತ್ತ ತಾಯಿಯನ್ನು ನಂಬಿದ್ದಕ್ಕಿಂತ ಹೆಚ್ಚಾಗಿ ಅವಳು ಆ ಸವತಿಯನ್ನು ನಂಬಿದಳು.

ಅತ್ತೆ ಹೋದಳು, ಮಗಳು ದೊಡ್ಡವಳಾದಳು. ಕೋದಂಡಪ್ಪನ ಕಣ್ಣಿಗೆ ಪೊರೆ ಬಂತು. ಮೊದಲ ಪಾಲಿಗೆ ಬೋಳು ರೂಪಾಯಿ ಸೇರಿಸಿ ಕಳಿಸಿದನೆಂದು ಮದರಾಸಿನ ವ್ಯಾಪಾರಿ ಇಡೀ ಗಂಟನ್ನೇ ವಾಪಸು ಕಳಿಸಿದ. ವ್ಯಾಪಾರಿಗೆ ತಲೆ ಕೆಟ್ಟಿದೆ ಎಂದು ಕೋದಂಡಪ್ಪ ನಾಲ್ಕು ದಿನ ಕೂಗಾಡಿ, ಐದನೆಯ ದಿನ ಹೆಂಡತಿಯನ್ನು ಚಾಪೆಯ ಮೇಲೆ ಕೂರಿಸಿಕೊಂಡ. ಅಂಕಿ ಓದುವುದನ್ನು, ಉಬ್ಬಿದ ಜಾಗ ಮೊದಲು ಸವೆಯುತ್ತದೆ ಎಂಬುದನ್ನು, ಕೈಯಿಂದ ಕೈಗೆ ಓಡಾಡಿದ ರೂಪಾಯಿಗೂ ಮನೆಯಲ್ಲೇ ಉಜ್ಜಿಸಿಕೊಂಡ ರೂಪಾಯಿಗೂ ಇರುವ ವ್ಯತ್ಯಾಸವನ್ನು ಹೇಳಿಕೊಟ್ಟ. ಓಡಾಡಿದ್ದಕ್ಕೆ ಅಂಚಿನಲ್ಲಿ ಏಟು ಬಿದ್ದಿರುತ್ತದೆ, ಮೈಮೇಲೆ ಗೀರುಗಳು ಅಡ್ಡಾದಿಡ್ಡಿ. ಉಜ್ಜಿದ್ದಕ್ಕೆ ಏಟಿಲ್ಲ, ಗೀರೆಲ್ಲ ದುಂಡಗೆ ಸುತ್ತಿರುತ್ತವೆ. ಅವಳು ಬೇಗ ಕಲಿತಳು. ಆದರೆ ಕೂದಲೆಳೆಯಷ್ಟು ಸಣ್ಣದನ್ನು ಬರಿಗಣ್ಣಿನಲ್ಲಿ ಎಷ್ಟೆಂದು ನೋಡುವುದು? ಅರವತ್ತೆರಡರ ಬೇಸಿಗೆಯಲ್ಲಿ ಇಬ್ಬರೂ ಭೂತಗನ್ನಡಿ ತರಲು ರೈಲು ಹತ್ತಿ ರಾಬರ್ಟ್‌ಸನ್‌ಪೇಟೆಗೆ ಹೊರಟರು.

ಅಲ್ಲಿನ ಮಾರ್ಕೆಟ್ಟಿನಲ್ಲಿ ಗಡಿಯಾರ ರಿಪೇರಿ ಮಾಡುವ ಆರುಮುಗಂ ಮೂರು ಗಾಜುಗಳನ್ನು ಮುಂದಿಟ್ಟ. ಹಿಡಿಯಿದ್ದ ದೊಡ್ಡದರಲ್ಲಿ ರಾಜನ ಮುಖ ಇಡಿಯಾಗಿ ದಪ್ಪಗೆ ಕಂಡಿತು, ಆದರೆ ಬರಿಗಣ್ಣಿಗೆ ಕಾಣದಿದ್ದದ್ದು ಅದರಲ್ಲೂ ಕಾಣಲಿಲ್ಲ. ಗಡಿಯಾರದವರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಕರಿ ಬಟ್ಟಲಿನದರಲ್ಲಿ ಕಿರೀಟದ ಒಂದು ಮಣಿ ನಿಂಬೆಹಣ್ಣಿನಷ್ಟಾಯಿತು, ರಾಜ ಎಲ್ಲಿ ಹೋದನೋ ಪತ್ತೆಯಿಲ್ಲ. ಮೂರನೆಯದು ಮಡಿಸುವ ಹಿತ್ತಾಳೆಯ ಗಾಜು. ಕೋದಂಡಪ್ಪನಿಗೆ ಮೂರರಲ್ಲೂ ಬರೀ ಮಂಜು ಕಂಡಿತು. ಮೂರೂ ಕಳಪೆ ಮಾಲು ಎಂದುಬಿಟ್ಟ. ಆರುಮುಗಂ ಅವನೊಡನೆ ವಾದಕ್ಕೆ ಹೋಗದೆ ಗಂಗರತ್ನಮ್ಮನ ಕಡೆ ತಿರುಗಿದ.

"ನಿಂಗೆ ಚೆನ್ನಾಗಿ ಗೊತ್ತಿರೋ ಕಾಸು ಒಂದು ನೋಡಮ್ಮಾ," ಎಂದ. "ಗೊತ್ತಿರೋದ್ನ ಯಾವ್ದು ಸರಿಯಾಗಿ ತೋರಿಸ್ತದೋ ಅದೇ ನಿನ್ ಗಾಜು."

ಅವಳಿಗೆ ಚೆನ್ನಾಗಿ ಗೊತ್ತಿದ್ದ ರೂಪಾಯಿ ಇನ್ಯಾವುದು? ದಾರ ಬಿಚ್ಚದೆ ಬಿಲ್ಲೆಯನ್ನೆತ್ತಿ ಹಿತ್ತಾಳೆಯ ಗಾಜಿನ ಕೆಳಗೆ ಹಿಡಿದಳು. ಇಷ್ಟು ವರ್ಷ ಅದನ್ನು ಪೂಜೆ ಮಾಡಿದ್ದಳೇ ಹೊರತು ಪಾಲು ಮಾಡುವ ಕಣ್ಣಿನಿಂದ ನೋಡಿರಲಿಲ್ಲ. ಕೊರಳಿನಿಂದ ಕೆಳಗಿನದೆಲ್ಲ ಕಟ್ಟಿನಡಿ ಮುಚ್ಚಿತ್ತು, ಮುಖ ನುಣ್ಣಗಾಗಿತ್ತು. ಕಟ್ಟಿದಾಗ ಅದರ ಮೇಲಿದ್ದದ್ದು ಯಾವ ರಾಜನೆಂದು ನೋಡಿರದ ಅವಳು, ಗಡ್ಡ ಸವೆದುಹೋಗಿದೆ ಎಂದೇ ತಿಳಿದಿದ್ದಳು. ಗಾಜಿನಡಿಯಲ್ಲಿ ಕಿವಿಯಿಂದ ಗದ್ದದವರೆಗೆ ದವಡೆಯ ಗೆರೆ ಮಾಸಿದರೂ ಉದ್ದಕ್ಕೂ ಉಳಿದಿತ್ತು. ಗಡ್ಡದ ಮುಖಕ್ಕೆ ಆ ಗೆರೆ ಇರುವುದೇ ಇಲ್ಲ. ಇವನು ಗಡ್ಡದ ರಾಜನಲ್ಲ, ಅವನು ಸತ್ತಮೇಲೆ ಪಟ್ಟಕ್ಕೆ ಬಂದ ಗಡ್ಡವಿಲ್ಲದ ಮಗ. ಬಿಲ್ಲೆಯನ್ನು ತಿರುಗಿಸಿ ಇಸವಿ ಹುಡುಕಿದಳು. ಅರ್ಧ ಅಳಿಸಿದ್ದರೂ ಎಂಟು ಎಂಟೇ ಆಗಿತ್ತು. ಮೂವತ್ತೆಂಟು. ನರಸಮ್ಮ ಮಣ್ಣು ಸೇರಿ ಎರಡು ವರ್ಷವಾದ ಮೇಲೆ ಅಚ್ಚಾದ ರೂಪಾಯಿ ಅವಳ ಸೆರಗಿನ ಗಂಟಿನಲ್ಲಿರುವುದು ಹೇಗೆ?

ಅಲ್ಲಿಗೂ ಬಿಡದೆ ಕಟ್ಟು ಸಡಿಲವಾಗಿದ್ದ ಕಡೆ ಗಾಜು ಸರಿಸಿದಳು. ಮುಚ್ಚಿಕೊಂಡಿದ್ದ ಅಂಚಿನ ಅಕ್ಷರಗಳು ನಿನ್ನೆ ಟಂಕಸಾಲೆಯಿಂದ ಬಂದಂತೆ ಹೊಚ್ಚಹೊಸದಾಗಿದ್ದವು. ಎಲ್ಲೂ ಒಂದು ಏಟಿಲ್ಲ. ಗೀರುಗಳೆಲ್ಲ ದುಂಡಗೆ ಸುತ್ತಿದ್ದವು.

"ಇದೇ ಸಾಕು," ಎಂದು ಗಾಜನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಊರಿಗಾಂ ಸ್ಟೇಷನ್ನಿನಲ್ಲಿ ರೈಲು ಹತ್ತಿ ಕೂತಮೇಲೆ, ಈ ರೂಪಾಯಿ ಎಲ್ಲಿಂದ ತಂದಿದ್ದು ಎಂದು ಗಂಡನನ್ನು ಕೇಳಿದಳು. ಅವನು ಎಂದಿನ ಸೆರಗಿನ ಗಂಟಿನ ಕಥೆಯನ್ನೇ ಹೇಳಿದ. ಇದರಲ್ಲಿ ಮೂವತ್ತೆಂಟನೇ ಇಸವಿಯಿದೆ ಎಂದಳು. ಕೋರಮಂಡಲ್ ಸ್ಟೇಷನ್ ದಾಟಿದ ಮೇಲೆ ಕೋದಂಡಪ್ಪ ನಿಜ ಹೇಳಿದ. ಗಂಟಿನಲ್ಲಿದ್ದ ರೂಪಾಯಿಯನ್ನು ಹೆಣದ ಹಣೆಗಿಟ್ಟಿದ್ದರು, ಅದು ಅವಳ ಜೊತೆಗೇ ಮಣ್ಣಿಗೆ ಹೋಗಿತ್ತು. ಮದುವೆಯ ಹೊತ್ತಿಗೆ ತಾಯಿ ಬಿಲ್ಲೆ ಬಿಲ್ಲೆ ಎಂದು ಪ್ರಾಣ ತಿಂದಾಗ ಚೀಲದಲ್ಲಿದ್ದ ಹೊಸದೊಂದನ್ನು ಆರಿಸಿ ಕಟ್ಟು ಹಾಕಿಸಿದ್ದ.

"ಬಿಲ್ಲೆ ಅಂದ್ರೆ ಬಿಲ್ಲೆನೇ ಅಲ್ವಾ ಅಂದ್ಕಂಡೆ," ಎಂದ. "ಯಾರ್ಗೆ ಗೊತ್ತಾಗ್ತದೆ?"

ಗಂಗರತ್ನಮ್ಮನಿಗೆ ಮೈ ಉರಿದುಹೋಯಿತು. ಚೀಲದಿಂದ ತೆಗೆದ ಯಾವುದೋ ಒಂದು ರೂಪಾಯಿಗಾಗಿ ತಾನು ಮಗಳಿಗೆ ಇಡಬೇಕೆಂದಿದ್ದ ಹೆಸರನ್ನು ಬಿಟ್ಟುಕೊಟ್ಟಿದ್ದಳು. ಆ ಉರಿ ಸ್ವಲ್ಪ ಆರಿದ ಮೇಲೆ ಬಂದದ್ದು ದುಃಖ. ಅಕ್ಕ ಹೋಗಿಬಿಟ್ಟಿದ್ದಳು. ಅವಳು ಸತ್ತು ಎಷ್ಟೋ ವರ್ಷವಾಗಿತ್ತು, ಸುದ್ದಿ ಇವಳಿಗೆ ಮುಟ್ಟಿದ್ದು ಇವತ್ತು. ಕಿಟಕಿಯ ಕಡೆ ಮುಖ ಮಾಡಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ನರಸಮ್ಮಕ್ಕ ಹೇಗಿದ್ದಳು ಎಂದು ಒಂದು ದಿನವೂ ಗಂಡನನ್ನು ಕೇಳಿರಲಿಲ್ಲ, ಈಗ ಕೇಳಿದಳು. ಕೋದಂಡಪ್ಪ ನಿಜವಾಗಿಯೂ ಯೋಚಿಸಿ ನೋಡಿದ. ಕುಳ್ಳಗಿದ್ದಳು, ಮಾತು ಕಡಿಮೆ, ಮುಖ ಮರೆತುಹೋಗಿದೆ ಎಂದ.

ಹೆಂಡತಿ ಅಳುತ್ತಿರುವುದು ಕಾಣದಿದ್ದರೂ ಅವನಿಗೆ ಗೊತ್ತಾಗಿತ್ತು. ಸಮಾಧಾನ ಮಾಡಲು ತನಗೆ ತಿಳಿದ ದಾರಿ ಹಿಡಿದ. ಹೇಗೂ ಬೋಳಾಗಿದೆ, ಮೂರನೆಯ ಪಾಲಿಗೇ ಸೇರಿದ್ದು, ಬಿಚ್ಚಿ ಕೊಟ್ಟರೆ ನಾಳೆಯೇ ಕರಗಿಸಿ ಮಗಳಿಗೆ ಕಾಲುಂಗುರ ಮಾಡಿಸುತ್ತೇನೆ ಎಂದು ಕೈ ಚಾಚಿದ.

ಗಂಗರತ್ನಮ್ಮ ಬಿಲ್ಲೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು.

"ಇದು ಸಂತೇಲಿ ಸವ್ದಿದ್ದಲ್ಲ," ಎಂದಳು. "ಒಸಾದ್ನ ತಂದು ಕಟ್ಟಿದ್ರಿ. ನರಸಮ್ಮಕ್ಕಂದಾಗಿದ್ರೆ ಈಗ್ಲೇ ಬಿಚ್ಚಿಕೊಡ್ತಿದ್ದೆ. ಇದ್ರಾಗೆ ಸವ್ದಿರೋದೆಲ್ಲ ನಾನೇ."

ಕೋದಂಡಪ್ಪ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡ. ಬಂಗಾರಪೇಟೆ ಬಂದಾಗ ಅವಳು ಬಿಲ್ಲೆಯನ್ನು ರವಿಕೆಯೊಳಗೆ ಬಿಟ್ಟುಕೊಂಡು, ಅವನ ತೋಳು ಹಿಡಿದು, ಮೆಟ್ಟಿಲು ನೋಡಿಕೊಂಡು ಇಳಿಸಿದಳು.