ಗೌರವ್ವನ ಕೆಂಪು ಚುಕ್ಕೆ

ಅಕ್ಷರ ಸೊಟ್ಟಗಿವೆ, ಪದಗಳೂ ಅಲ್ಲಲ್ಲಿ ತಡವರಿಸಿವೆ. ಒಂಬತ್ತನೆಯ ಇಯತ್ತೆಗೇ ಸಾಲೆ ಬಿಟ್ಟ ಕೈಯ ಬರಹವಿದು. ಓದುವವರು ಹೊಟ್ಟೆಗೆ ಹಾಕಿಕೊಳ್ಳಬೇಕು. ಗೌರವ್ವನ ಸಂಗತಿಯಲ್ಲಿ ಮಾತ್ರ ತಪ್ಪು ನುಸುಳಬಾರದೆಂದು ತಿದ್ದಿ ತಿದ್ದಿ ಬರೆದದ್ದಾಗಿದೆ.

ಗಜೇಂದ್ರಗಡದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಗೌರವ್ವನ ಅಂಗಡಿ. ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತಿಕೊಡುವುದು, ಮನೆಗೆ, ಗಿರಣಿಗೆ ಕರೆಂಟಿನ ಬೋರ್ಡು ಕೂರಿಸುವುದು ಅವಳ ಕಸುಬು. ಇದನ್ನು ಕಲಿಸಿದ ಗಂಡ ಹೊಲದ ದುಡಿಮೆಗೆ ಇಳಿದ ಮೇಲೆ ಅಂಗಡಿ ಅವಳದೇ ಆಯಿತು. ಹೆಂಗಸು ಕರೆಂಟಿನ ಕೆಲಸ ಮಾಡುತ್ತಾಳೆಂದು ಮೊದಮೊದಲು ನಿಂತು ನೋಡುತ್ತಿದ್ದವರು ಈಗ ಮೋಟಾರು ಹೊತ್ತು ತಂದು ಅವಳ ಮುಂದೆಯೇ ಇಳಿಸುತ್ತಾರೆ.

ಸ್ಕ್ರೂ ಸಡಿಲ ಉಳಿದರೆ ವೈರು ಅಲ್ಲೇ ಕಾದು ಕಿಡಿ ಹಾರುತ್ತದೆ; ಅದಕ್ಕೇ ಅವಳದೊಂದು ಪದ್ಧತಿಯಿದೆ. ವೈರು ಸಿಕ್ಕಿಸಿ, ಸ್ಕ್ರೂ ಬಿಗಿದು, ಇನ್ನು ತಿರುಗದು ಎಂದು ಕೈಗೆ ಖಾತ್ರಿಯಾದಾಗ, ಅದರ ತಲೆಯ ಅಂಚಿಗೆ ಕೆಂಪು ಉಗುರುಬಣ್ಣದ ಚುಕ್ಕೆ ಇಡುತ್ತಾಳೆ. ಚುಕ್ಕೆ ಬಿದ್ದ ಸ್ಕ್ರೂವನ್ನು ಮತ್ತೆ ಯಾರೂ ಮುಟ್ಟಬೇಕಿಲ್ಲ. “ಗೌರವ್ವ ಕುಂಕುಮ ಹಚ್ಚಿದ್ಲಂದ್ರ ಮುಗೀತು” ಎಂದು ಗಿರಾಕಿಗಳು ನಗುತ್ತಾರೆ.

ತಂಗಿಯ ಮಗ ಬಸವಪ್ರಸಾದ ಐಟಿಐ ಮುಗಿಸಿ ಅವಳ ಜೊತೆ ಕೆಲಸಕ್ಕೆ ನಿಂತ. ಬರುವಾಗ ಬ್ಯಾಟರಿ ಮಶಿನ್ನೊಂದನ್ನು ತಂದ. ಗುಂಡಿ ಒತ್ತಿದರೆ ಗರ್ರನೆ ತಿರುಗಿ ಸ್ಕ್ರೂ ಬಿಗಿಯುವ ಅದನ್ನು ಕಂಡರೆ ಗೌರವ್ವನಿಗೆ ಆಗದು.

“ಎಷ್ಟು ಬಿಗೀಬೇಕಂತ ಅದಕ್ಕೇನ ಗೊತ್ತೋ?”

“ಇಲ್ಲಿ ಮೂತಿಗೆ ನಂಬರಿನ ಬಳಿ ಐತಲ್ಲ ದೊಡ್ಡವ್ವ, ನಂಬರಿಗೆ ತಿರುವಿದ್ರ ಅಷ್ಟಕ್ಕ ಕಟ್ ಅಂತ ನಿಂದರತೈತಿ. ಕಡೀಕ ಕೈಲೇ ಒಮ್ಮಿ ನೋಡತೀನಿ.”

“ನನ್ನ ಕೈಯಾಗ ಬಳಿ ಇಲ್ಲೇನು? ಇವೂ ಕಟ್ ಅಂತಾವ” ಎಂದು ಗೌರವ್ವ ಗಾಜಿನ ಬಳೆ ಕುಲುಕಿದಳು.

ಪ್ರಸಾದನೂ ಸುಮ್ಮನಿರುವವನಲ್ಲ. ಊಟಕ್ಕೆ ಕೂತಾಗ ಕಾಡುತ್ತಿದ್ದ. “ದೊಡ್ಡವ್ವ, ರೊಟ್ಟಿ ಯಾಕ ಇಷ್ಟು ದಪ್ಪ ಆಗ್ಯಾವು? ಕಾಲಾಗ ಮೆಟ್ಟಾಕ ಬರ್ತಾವ ನೋಡ.”

“ಹಲ್ಲು ಗಟ್ಟಿ ಇದ್ರ ತಿನ್ನ. ಇಲ್ಲಂದ್ರ ಮಶಿನ್ ಹಚ್ಚಿ ಅಗಿ.”

ಹೀಗಿರುವಾಗ ಲೀಲಾಬಾಯಿಯವರ ಹಿಟ್ಟಿನ ಗಿರಣಿಗೆ ಇಬ್ಬರೂ ಸೇರಿ ಹೊಸ ಬೋರ್ಡು ಕೂರಿಸಿದರು. ಮೇಲಿನ ಸಾಲಿನ ಸ್ಕ್ರೂಗಳನ್ನು ಪ್ರಸಾದ ಮಶಿನ್ನಿನಿಂದ ಬಿಗಿದ. ಕೆಳಗಿನ ಸಾಲನ್ನು ಗೌರವ್ವ ಕೈಯಿಂದ ಬಿಗಿದಳು. ಅದರ ಬೆನ್ನಿಗೇ ಮುಶಿಗೇರಿಯ ಅಂಗನವಾಡಿಯ ಕೆಲಸ ಬಂತು. ಅಲ್ಲಿಗೆ ಮಶಿನ್ನು ಒಯ್ಯಲು ಅವಳು ಬಿಡಲೇ ಇಲ್ಲ. “ಕೂಸುಗೋಳ ಇರೂ ಜಾಗಾ ಅದು” ಎಂದು ಇಡೀ ಬೋರ್ಡನ್ನು ತಾನೊಬ್ಬಳೇ ಬಿಗಿದು, ಒಂದೂ ಬಿಡದೆ ಚುಕ್ಕೆ ಇಟ್ಟು ಬಂದಳು.

ಇವತ್ತು ಮುಂಜಾನೆ ಫೋನು ಬಂತು. ಲೀಲಾಬಾಯಿ ಕಿರುಚುತ್ತಿದ್ದರು. “ಗೌರವ್ವಾ, ಲಗೂ ಬಾರs, ಬೋರ್ಡಿಗೆ ಬೆಂಕಿ ಹತ್ತೇದ!”

ಇಬ್ಬರೂ ಗಾಡಿ ಹತ್ತಿ ಓಡಿದರು. ಗಿರಣಿಯ ತುಂಬ ಸುಟ್ಟ ಪ್ಲಾಸ್ಟಿಕ್ಕಿನ ನಾತ. ಲೀಲಾಬಾಯಿ ಕಟ್ಟಿಗೆಯಿಂದ ಮೇನ್ ಸ್ವಿಚ್ಚು ಹೊಡೆದು ಇಳಿಸಿ, ಮೈಗೆಲ್ಲ ಹಿಟ್ಟು ಮೆತ್ತಿಕೊಂಡು ಹೊಸ್ತಿಲಲ್ಲಿ ಕುಸಿದಿದ್ದರು. ಸೆರಗಿನಲ್ಲಿ ಒಂದು ತೂತು, ಅಂಚು ಕರಕಾಗಿತ್ತು.

“ಕಿಡಿ ನನ್ನ ಮ್ಯಾಲೇ ಸಿಡೀತು ನೋಡು” ಎಂದು ಸೆರಗು ಹಿಡಿದು ತೋರಿಸಿದರು.

ಗೌರವ್ವ ಆ ತೂತನ್ನು ಮುಟ್ಟಿ ನೋಡಿದಳು. ಆಮೇಲೆ ಕಾಳು ಬೀಸಲು ಬಂದ ಜನರೆದುರೇ ಪ್ರಸಾದನ ಮೇಲೆ ಹರಿಹಾಯ್ದಳು. “ಹೇಳಿದ್ನೋ ಇಲ್ಲೋ? ಆ ಮಶಿನ್ ನನ್ನ ಅಂಗಡ್ಯಾಗ ಇನ್ನ ಕಾಣಬಾರದು. ನೀನೂ ಅದರ ಸಂಗಾಟ ನಡಿ!”

ಪ್ರಸಾದನ ಮುಖ ಸಣ್ಣದಾಯಿತು. “ಮೊದಲ ಬಿಚ್ಚಿ ನೋಡೂಣ ದೊಡ್ಡವ್ವ” ಎಂದಷ್ಟೇ ಹೇಳಿ, ಹೊರಗಿನ ಫ್ಯೂಸು ಕಿತ್ತು, ಟೆಸ್ಟರ್ ಹಚ್ಚಿ ಕರೆಂಟಿಲ್ಲವೆಂದು ನೋಡಿ, ಬೋರ್ಡಿನ ಮುಚ್ಚಳ ತೆಗೆದ.

ಮೇಲಿನ ಸಾಲು ಕೂರಿಸಿದ ದಿನ ಇದ್ದ ಹಾಗೆಯೇ ಇತ್ತು. ಕೆಳಗಿನ ಸಾಲಿನಲ್ಲಿ ಈ ಕಡೆಗೊಂದು ಕೆಂಪು ಚುಕ್ಕೆ, ಆ ಕಡೆಗೊಂದು ಕೆಂಪು ಚುಕ್ಕೆ. ನಡುವೆ ಕರಗಿ ಇದ್ದಿಲಾದ ಗುಳಿ.

ಗೌರವ್ವ ಬಗ್ಗಿ ಆ ಗುಳಿಯ ಅಂಚನ್ನು ಉಗುರಿನಿಂದ ಕೆರೆದಳು.

“ಮಶಿನ್ನಿಂದ ಬಿಗದದ್ದs ಸುಟ್ಟದ, ಹೌದಲ್ಲೋ?” ಎಂದು ಲೀಲಾಬಾಯಿ ಪ್ರಸಾದನನ್ನು ಕೇಳಿದರು.

“ಅಲ್ರೀ ಬಾಯಾರ” ಎಂದಳು ಗೌರವ್ವ. “ಇದು ನಂದು.”

ಅವಳು ಸ್ಕ್ರೂಡ್ರೈವರ್ ಎತ್ತಿಕೊಂಡು ಪಕ್ಕದ ಚುಕ್ಕೆಯ ಸ್ಕ್ರೂಗೆ ಹಚ್ಚಿ, ಹಲ್ಲು ಕಚ್ಚಿ ತಿರುವಿದಳು. ಅಲುಗಲಿಲ್ಲ. “ಬಿಗಿ ಐತಲ್ಲೋ!” ಎಂದು ಉಸಿರು ಬಿಟ್ಟಳು. ಯಾಕೋ ಮನಸ್ಸು ನಿಲ್ಲದೆ ಅದೇ ಸ್ಕ್ರೂಡ್ರೈವರನ್ನು ಪ್ರಸಾದನ ಕೈಗೆ ಕೊಟ್ಟಳು. ಅವನು ಜೋರು ಮಾಡದೆ, ಸಾವಕಾಶ ತಿರುವಿದ. ಮೇಲಿದ್ದ ಕೆಂಪು ಚುಕ್ಕೆ ಸರಿದು ಕೆಳಗೆ ಬಂತು. ಅದರಾಚೆಯ ಸ್ಕ್ರೂ ಕೂಡ ತಿರುಗಿತು. ಅದರಾಚೆಯದೂ.

ಗೌರವ್ವ ಹಿಟ್ಟಿನ ನೆಲದ ಮೇಲೇ ಕುಳಿತು ತನ್ನ ಬಲಗೈಯನ್ನು ಬೇರೆ ಯಾರದೋ ಎಂಬಂತೆ ನೋಡಿಕೊಂಡಳು. ಇನ್ನು ತಿರುಗದು ಎಂದು ಈ ಕೈ ಹೇಳಿದಾಗೆಲ್ಲ, ಸ್ಕ್ರೂ ಇನ್ನೂ ತಿರುಗಲಿಕ್ಕಿತ್ತು. ಮುಗಿದದ್ದು ಸ್ಕ್ರೂವಿನ ತಿರುವಲ್ಲ, ಕೈಯ ಬಲ.

“ಪ್ರಸಾದ, ನಾ ಬಡಿಯೂ ರೊಟ್ಟಿ ಯಾವಾಗಿಂದ ದಪ್ಪ ಆದವು?”

ಅವನಿಗೆ ನಗು ಬರಲಿಲ್ಲ. “ಹ್ವಾದ ವರ್ಷ ನಿನಗ ಕೀಲು ಹಿಡಿಯೂ ಜ್ವರ ಬಂದಿತ್ತಲ್ಲ ದೊಡ್ಡವ್ವ, ಆವಾಗಿಂದ.”

ಆಗಲೇ ಅವಳಿಗೆ ಮುಶಿಗೇರಿ ನೆನಪಾಯಿತು. ಅವಸರದಲ್ಲಿ ತೆಗೆದ ಫೋನು ಕೈಯಿಂದ ಜಾರಿತು; ಪ್ರಸಾದನೇ ಎತ್ತಿ ಅಂಗನವಾಡಿಯ ಶ್ವೇತಾ ಟೀಚರಿಗೆ ಹಚ್ಚಿಕೊಟ್ಟ.

“ಗೌರವ್ವಾರ, ಫ್ಯಾನ್ ಬಂದಾಗಿಂದ ಹುಡುಗ್ರು ಎಷ್ಟ ಚಲೋ ಮಲಗತಾವ ಅಂತೀರಿ…”

“ಅಕ್ಕಾರ, ಮೇನ್ ಇಳಸ್ರಿ. ಮೊದಲ ಇಳಸ್ರಿ, ಆಮ್ಯಾಲ ಮಾತಾಡ್ರಿ!”

ಆ ಕಡೆ ಮಕ್ಕಳ ಗದ್ದಲ, ಯಾರೋ ಓಡಿದ ಸಪ್ಪಳ. “ಇಳಿಸೇನ್ರಿ” ಎಂಬ ದನಿ ಕೇಳಿದ ಮೇಲೆಯೇ ಗೌರವ್ವನ ಕಣ್ಣಲ್ಲಿ ನೀರು ಬಂತು.

“ಮಶಿನ್ ತಗೋ ಪ್ರಸಾದ, ಗಾಡಿ ಚಾಲೂ ಮಾಡ” ಎಂದಳು.

ಗೌರವ್ವ ಈಗ ಮುಶಿಗೇರಿಗೆ ಹೋಗಿ, ಚುಕ್ಕೆ ಇಟ್ಟ ಒಂದೊಂದು ಸ್ಕ್ರೂವನ್ನೂ ಪ್ರಸಾದನ ಕೈಯಿಂದ ಬಿಗಿಸುತ್ತಾಳೆ. ಅದಾದ ಮೇಲೆ, ಜ್ವರ ಬಿಟ್ಟಂದಿನಿಂದ ತಾನು ಬಿಗಿದ ಬೋರ್ಡು ಯಾರ ಯಾರ ಮನೆಯಲ್ಲಿದೆಯೋ ಅವರ ಬಾಗಿಲಿಗೆಲ್ಲ ಹೋಗುತ್ತಾಳೆ.