ಹೊಟ್ಟೆ ತುಂಬ ಮೇಯ್ದ ಹಸು

ನನ್ನ ಅಕ್ಕನಿಗೆ ಮಂಗೋಲಿಯಾದ ಹುಚ್ಚು ಹಿಡಿಸಿದ್ದು ಮೊಬೈಲು. ಭದ್ರಾವತಿಯಿಂದ ವಿದ್ಯಾನಗರದ ನನ್ನ ಮನೆಗೆ ಬಂದಾಗಲೆಲ್ಲ ಸೋಫಾದ ತುದಿಯಲ್ಲಿ ಕೂತು ಹಸುಗಳ ವಿಡಿಯೊ ನೋಡುವುದು ಅವಳ ಕೆಲಸ. ಹಸು ಕರು ಹಾಕಿದ್ದು, ಕೆಚ್ಚಲು ಬಾವು ಬಂದರೆ ಏನು ಹಚ್ಚಬೇಕು, ಇಂಥವೇ. ಒಂದು ದಿನ ಫೋನನ್ನು ನನ್ನ ಮೂಗಿನ ಹತ್ತಿರ ಹಿಡಿದು, "ನೋಡೇ ಇಲ್ಲಿ, ಎಷ್ಟು ಹುಲ್ಲು!" ಅಂದಳು. ಕಣ್ಣು ಹಾಯುವಷ್ಟು ದೂರ ಹುಲ್ಲು, ನಡುವೆ ಒಂದು ಬಿಳಿ ಗುಡಾರ, ಅದರ ಮುಂದೆ ಗಿಡ್ಡ ಸ್ಟೂಲಿನ ಮೇಲೆ ಕೂತು ಹಾಲು ಕರೆಯುತ್ತಿರುವ ಒಬ್ಬ ಹೆಂಗಸು.

"ಇದೆಲ್ಲಿ ಮಾರಾಯ್ತಿ? ಇಲ್ಲಿಗೆ ಹೋಗೋಕಾಗುತ್ತಾ?"

ನಾನು ಜೋರಾಗಿ ನಕ್ಕೆ. "ಎಲ್ರೂ ಕಾಶಿ, ಕೇದಾರ ಅಂತಾರೆ. ನೀನು ಹುಲ್ಲು ನೋಡೋಕೆ ಹೋಗ್ತೀಯಾ?"

"ಹೂಂ, ಹುಲ್ಲು ನೋಡೋಕೇ ಹೋಗ್ತೀನಿ. ಏನೀಗ?"

ಅವಳು ಹಾಗೆ ಅಂದದ್ದಕ್ಕೆ ಕಾರಣ ಇತ್ತು. ಭಾವ ಭದ್ರಾವತಿಯ ಒಂದು ಕಾರ್ಖಾನೆಯಲ್ಲಿದ್ದರು. ಕ್ವಾರ್ಟರ್ಸಿನ ಹಿಂದೆ ಶೀಟು ಹೊದಿಸಿದ ಕೊಟ್ಟಿಗೆ, ಅದರಲ್ಲಿ ಯಾವಾಗಲೂ ಹಸು. ಅಕ್ಕನ ಪ್ರಾಯವೆಲ್ಲ ಹುಲ್ಲು ಹುಡುಕುವುದರಲ್ಲೇ ಕಳೆಯಿತು. ಕಾಂಪೌಂಡಿನ ಪಕ್ಕ ಕೊಯ್ಯಲು ಹೋದರೆ ವಾಚ್‌ಮನ್ ಅಟ್ಟುತ್ತಿದ್ದ. ಚಾನಲ್ ಏರಿಯ ಮೇಲೆ ಅವಳಿಗಿಂತ ಮೊದಲೇ ಬೇರೆ ಯಾರೋ ಕೊಯ್ದಿರುತ್ತಿದ್ದರು. ರೈಲು ಹಳಿಯ ಪಕ್ಕದಿಂದ ತಲೆಯ ಮೇಲೆ ಹೊರೆ ಹೊತ್ತು ಬರುತ್ತಿದ್ದಳು. ಪಕ್ಕದ ಮನೆಯ ತಮಿಳು ಹೆಂಗಸು ಕಲಗಚ್ಚು ಎತ್ತಿಟ್ಟು ಕೊಡದಿದ್ದರೆ ಆ ಹಸುಗಳು ಬದುಕುತ್ತಲೇ ಇರಲಿಲ್ಲ ಅಂತ ಈಗಲೂ ಅನ್ನುತ್ತಾಳೆ. ಆಮೇಲೆ ಕಾರ್ಖಾನೆ ಮುಚ್ಚಿತು, ಕ್ವಾರ್ಟರ್ಸ್ ಖಾಲಿ ಮಾಡಬೇಕಾಯಿತು, ಕೊನೆಯ ಹಸು ಯಾರದೋ ಟೆಂಪೊ ಹತ್ತಿ ಹೋಯಿತು. ಭಾವನೂ ಹೋದರು. ಅಕ್ಕ ಹಳೇ ಊರಿನ ಕಡೆ ಒಂದು ಮಹಡಿ ಮನೆ ಬಾಡಿಗೆಗೆ ಹಿಡಿದಳು. ಅಲ್ಲಿ ತುಳಸಿ ಕುಂಡ ಇಡುವುದಕ್ಕೂ ಓನರನ್ನು ಕೇಳಬೇಕು.

"ನಾನು ಕಟ್ಟಿದ ಒಂದು ಹಸೂನೂ ಹೊಟ್ಟೆ ತುಂಬ ತಿಂದಿಲ್ಲ ಕಣೆ," ಅಂದಳು ಆವತ್ತು, ಫೋನು ಮಡಿಲಲ್ಲಿಟ್ಟುಕೊಂಡು. "ಹೊಟ್ಟೆ ತುಂಬ ಮೇಯ್ದು ಬಂದ ಹಸುವಿನ ಹಾಲು ಒಂದೇ ಒಂದ್ಸಲ ಕರೀಬೇಕು. ಅದು ಹೆಂಗೆ ಇಳಿಯುತ್ತೆ ಅಂತ ಕೈಗೆ ಗೊತ್ತಾಗ್ಬೇಕು. ಅಷ್ಟೇ ನನ್ನಾಸೆ."

ನಾನು ರಿಟೈರಾದ ಟೀಚರು. ಮನೆಯಲ್ಲಿ ಕೂತು ಸೀರಿಯಲ್ ನೋಡಿ ನೋಡಿ ತಲೆ ಕೆಟ್ಟಿತ್ತು. ಬೆಂಗಳೂರಿನವರೊಬ್ಬರು ನಮ್ಮ ಕಡೆಯ ಜನರನ್ನೇ ಗುಂಪು ಮಾಡಿ ಅಲ್ಲಿಗೆ ಕರೆದುಕೊಂಡು ಹೋಗುತ್ತಾರೆ ಎಂದು ಗೊತ್ತಾದದ್ದೇ ತಡ, ಇಬ್ಬರ ಹೆಸರನ್ನೂ ಕೊಟ್ಟುಬಿಟ್ಟೆ. ಸವಳಂಗ ರಸ್ತೆಯ ಅಂಗಡಿಯಲ್ಲಿ ಇಬ್ಬರಿಗೂ ಥರ್ಮಲ್ ಚಡ್ಡಿ ಕೊಳ್ಳುವಾಗ ಅಕ್ಕ ನಾಚಿಕೊಂಡು ಸತ್ತಳು.

ಅಲ್ಲಿ ನಮ್ಮನ್ನು ಓಡಾಡಿಸಿದ್ದು ಹಳೆಯ ಕಾಲದ ಒಂದು ಬೂದು ವ್ಯಾನು. ಪಟ್ಟಣ ದಾಟಿದ ಮೇಲೆ ರಸ್ತೆಯೇ ಇಲ್ಲ, ಹುಲ್ಲಿನಲ್ಲಿ ಟೈರಿನ ಗುರುತು ಮಾತ್ರ. ಗೈಡು ಅಲ್ಲಿಯದೇ ಹುಡುಗಿ. ಚೆನ್ನಾಗಿ ಇಂಗ್ಲಿಷ್ ಬರುತ್ತಿತ್ತು, ನಮ್ಮಿಂದ ನಮಸ್ಕಾರ ಅನ್ನುವುದನ್ನೂ ಕಲಿತಿದ್ದಳು. ಮೊದಲ ಸಲ ವ್ಯಾನು ನಿಲ್ಲಿಸಿದಾಗ ಎಲ್ಲರೂ ಫೋಟೊ ಹಿಡಿಯಲು ಓಡಿದರು. ಅಕ್ಕ ಮಾತ್ರ ಕೆಳಗೆ ಕೂತು ಒಂದು ಹಿಡಿ ಹುಲ್ಲು ಕಿತ್ತು, ಮೂಸಿ, ಹಲ್ಲಿನಿಂದ ಕಚ್ಚಿ ನೋಡಿದಳು.

"ಇಷ್ಟೊಂದು ಹುಲ್ಲು, ಕೊಯ್ಯೋರೇ ಇಲ್ದೆ ಬಿದ್ದಿದೆಯಲ್ಲೇ!" ಅಂದಳು. ಅವಳ ಕಣ್ಣಲ್ಲಿ ನೀರಿತ್ತು. ನಾನು ಗಾಳಿಗೆ ಅಂದುಕೊಂಡೆ.

ಅಲ್ಲಿನವರು ಹಸು, ಕುರಿ, ಕುದುರೆ ಹೊಡೆದುಕೊಂಡು ಮೇವು ಇದ್ದಲ್ಲಿಗೆ ಹೋಗುವವರು. ಮೇವು ಮುಗಿದರೆ ಗುಡಾರ ಬಿಚ್ಚಿ ಮುಂದಕ್ಕೆ. ನಾವು ದಾರಿಯಲ್ಲಿ ಸಿಕ್ಕವರ ಗುಡಾರಕ್ಕೆ ಹೋಗಿ ಕೂರುವುದು, ಅವರು ಕೊಟ್ಟದ್ದನ್ನು ತಿನ್ನುವುದು, ಇದು ಪ್ರವಾಸದ ಕ್ರಮ. ತೊಂದರೆ ಶುರುವಾದದ್ದು ಇಲ್ಲೇ.

ನಮ್ಮಲ್ಲಿ ಯಾರಾದರೂ ಕಾಫಿ ಕುಡಿಯಿರಿ ಅಂದರೆ ಹೂಂ ಅಂದುಬಿಡಲು ಬಾಯಿ ಬರುತ್ತದೆಯೇ? "ಅಯ್ಯೋ ಬೇಡ, ಈಗಷ್ಟೇ ಆಯ್ತು" ಅನ್ನಬೇಕು. ಅವರು "ಅಷ್ಟು ದೂರದಿಂದ ಬಂದಿದೀರಿ, ಅರ್ಧ ಲೋಟ" ಅನ್ನಬೇಕು. ನಾವು ಮತ್ತೆ ಬೇಡ ಅನ್ನಬೇಕು. ಅವರು ಗದರಬೇಕು. ಆಗ ಲೋಟ ಹಿಡಿಯುವುದು. ಅಕ್ಕನಂತೂ ಇದರಲ್ಲಿ ಪಳಗಿದವಳು. ನನ್ನ ಮನೆಯಲ್ಲೂ ಎರಡು ಸಲ ಬೇಡ ಅನ್ನದೆ ಒಂದು ಚಕ್ಕುಲಿ ಮುಟ್ಟಿದವಳಲ್ಲ. ನಾನು ರೇಗುತ್ತೇನೆ, ಅವಳು ಬೇಡ ಅನ್ನುತ್ತಾಳೆ, ನಾನು ತಟ್ಟೆಗೆ ಹಾಕುತ್ತೇನೆ, ಅವಳು ತಿನ್ನುತ್ತಾಳೆ.

ಮೊದಲ ಗುಡಾರದಲ್ಲಿ ಉಪ್ಪು ಹಾಕಿದ ಹಾಲಿನ ಚಹಾ ಕೊಡಲು ಬಂದರು. ಅಕ್ಕ ಕೈ ಆಡಿಸಿ, "ನೋ ನೋ," ಅಂದಳು. ಆ ಮನೆಯಾಕೆ ತಲೆಯಾಡಿಸಿ ಬಟ್ಟಲನ್ನು ಪಕ್ಕದವರಿಗೆ ಕೊಟ್ಟಳು. ಮತ್ತೆ ಕೇಳಲೇ ಇಲ್ಲ. ಒಣಗಿಸಿದ ಮೊಸರಿನ ತುಂಡು ಬಂತು, ಅದಕ್ಕೂ ನೋ ನೋ, ಅದೂ ಮುಂದಕ್ಕೆ ಹೋಯಿತು. ಬೆಳಿಗ್ಗೆ ಇಷ್ಟಲಿಂಗ ಪೂಜೆ ಮುಗಿಸುವವರೆಗೆ ನೀರನ್ನೂ ಮುಟ್ಟದವಳು, ಹೊಟ್ಟೆ ಹಸಿದು ಮುಖ ಸಣ್ಣಗಾಗಿತ್ತು. ವ್ಯಾನಿನಲ್ಲಿ ನನ್ನ ಬ್ಯಾಗಿನ ಅವಲಕ್ಕಿ ಒಗ್ಗರಣೆಯನ್ನು ಮುಕ್ಕುತ್ತಾ, "ಎಂಥಾ ಜನಾನೇ ಇವ್ರು, ಒಂದು ಮಾತಿಗೂ ಬಲವಂತ ಮಾಡಲ್ವಲ್ಲ!" ಅಂದಳು.

"ಇದು ಭದ್ರಾವತಿ ಅಲ್ಲ ಕಣೆ. ಬೇಕು ಅಂದ್ರೆ ಬೇಕು ಅನ್ನು," ಅಂದೆ. ಇಬ್ಬರೂ ನಕ್ಕೆವು. ಹಿಂದಿನ ಸೀಟಿನವರೂ ನಕ್ಕರು. ಮಾರನೆಯ ದಿನ ಅವಳು ಚಹಾಕ್ಕೆ ಎರಡೂ ಕೈ ಚಾಚಿದಳು. ಸರಿ, ಕಲಿತಳು ಅಂದುಕೊಂಡೆ.

ಎಲ್ಲಿ ಕಲಿಯುತ್ತಾಳೆ.

ನಾವು ಹೋದ ಕೊನೆಯ ಗುಡಾರ ಒಂದು ಹೊಳೆಯ ಪಕ್ಕ ಇತ್ತು. ನಾನು ಒಳಗೆ ಗೈಡಿನ ಜೊತೆ, ಸಾರಿನಲ್ಲಿ ಮಾಂಸ ಇದೆಯೋ ಇಲ್ಲವೋ ಎಂದು ಜಗಳಕ್ಕೆ ಬಿದ್ದಿದ್ದೆ. ಅಕ್ಕ ಹೊರಗೆ ಹಸುಗಳ ಹತ್ತಿರ ನಿಂತಿದ್ದಳು. ನಾನು ಬಾಗಿಲಿಗೆ ಬರುವ ಹೊತ್ತಿಗೆ ಮನೆಯ ಹೆಂಗಸು ಹಾಲು ಕರೆಯುತ್ತಿದ್ದಳು, ಅಕ್ಕ ಎರಡು ಮಾರು ದೂರದಲ್ಲಿ ಕೈ ಕಟ್ಟಿಕೊಂಡು ನೋಡುತ್ತಿದ್ದಳು. ಕೆಂದು ಬಣ್ಣದ ಹಸು. ಹೊಟ್ಟೆ ಎರಡೂ ಕಡೆ ಉಬ್ಬಿಕೊಂಡಿತ್ತು. ಎಷ್ಟು ಚೆಂದದ ನೋಟ ಅಂತ ಒಂದು ಫೋಟೊವನ್ನೂ ತೆಗೆದೆ.

ವ್ಯಾನು ಹೊರಟು ಗುಡಾರ ಕಾಣದಾದ ಮೇಲೆ ಅಕ್ಕ ಬಾಯಿ ಬಿಟ್ಟಳು.

"ಅವಳು ನನ್ನ ಕರೆದ್ಲು ಕಣೆ."

"ಯಾರು?"

"ಹಾಲು ಕರಿಯೋಳು. ಮೊದಲು ಕರು ಬಿಟ್ಟು ಸೊರೆ ಬರ್ಸಿದ್ಲು, ನಮ್ಮ ಹಂಗೇನೇ. ನಾನು ನೋಡ್ತಿದ್ದೆನಲ್ಲ, ಅವಳಿಗೆ ಏನನ್ನಿಸ್ತೋ. ಎದ್ದು ಸ್ಟೂಲು ತೋರಿಸಿದ್ಲು. ಬಕೆಟ್ಟು ನನ್ನ ಕಡೆ ಚಾಚಿದ್ಲು."

"ಮತ್ತೆ?"

"ಅಯ್ಯೋ ಬೇಡ ಬೇಡ ಅಂದೆ."

ನನಗೆ ಮೈಯೆಲ್ಲ ಉರಿದುಹೋಯಿತು. "ಅಲ್ಲ ಕಣೆ, ಅದಕ್ಕೇ ಅಂತ ತಾನೇ ನೀನು ಇಷ್ಟು ದೂರ ಬಂದದ್ದು?"

"ಇನ್ನೊಂದ್ಸಲ ಕೇಳ್ತಾಳೆ ಅಂತ..." ಅಂದಳು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ, ಬಿಚ್ಚುತ್ತಾ ಕೂತಳು.

ನಮ್ಮ ಈ ಸುಡುಗಾಡು ಉಪಚಾರಕ್ಕೆ ಬೆಂಕಿ ಬೀಳ! ವ್ಯಾನು ತಿರುಗಿಸಿ ಎಂದು ನಾನು ಕೂಗಿದೆ. ಗೈಡು ಡ್ರೈವರನ್ನು ಕೇಳಿದಳು. ಹೊಳೆಯನ್ನು ಬೆಳಕಿರುವಾಗಲೇ ದಾಟಬೇಕು, ಈಗ ತಿರುಗಿಸಿದರೆ ಆಗುವುದಿಲ್ಲ ಅಂದನಂತೆ. ನಾಳೆಯಾದರೂ ಯಾರಾದರೂ ಹಸು ಕಟ್ಟಿದವರ ಮನೆಗೆ ಹೋಗೋಣ ಅಂದೆ. ನಾಳೆಯಿಂದ ಮರಳುಗಾಡಿನ ಕಡೆ, ಅಲ್ಲಿ ಬರೀ ಒಂಟೆ ಅಂದಳು. ನನ್ನ ಸಿಟ್ಟು ಆ ಹುಡುಗಿಯ ಮೇಲೆ ತಿರುಗಿತು. ನಿಮ್ಮವರು ಎರಡನೇ ಸಲ ಕೇಳಿದರೆ ಬಾಯಿ ಸವೆಯುತ್ತದೆಯೇ ಅಂದುಬಿಟ್ಟೆ, ಟೀಚರ್ ಇಂಗ್ಲಿಷಿನಲ್ಲಿ.

ಪಾಪ, ಅವಳಿಗೆ ನಿಜಕ್ಕೂ ಅರ್ಥವಾಗಲಿಲ್ಲ. "ಒಬ್ಬರು ಬೇಡ ಅಂದಮೇಲೆ ಮತ್ತೆ ಕೇಳಿದರೆ, ಅವರ ಮಾತನ್ನು ನಂಬಲಿಲ್ಲ ಅಂತ ಆಗುವುದಿಲ್ಲವೇ?" ಅಂದಳು. "ಆಕೆ ನಿಮ್ಮ ಅಕ್ಕನಿಗೆ ಮರ್ಯಾದೆ ಕೊಟ್ಟಿದ್ದಾಳೆ."

ಅದನ್ನೇ ಅಕ್ಕನಿಗೆ ಕನ್ನಡದಲ್ಲಿ ಹೇಳಿದೆ. ಅವಳು ತಲೆಯಾಡಿಸಿ ಕಿಟಕಿಯ ಕಡೆ ತಿರುಗಿದಳು. ಹುಲ್ಲು ಇನ್ನೂ ಮುಗಿದಿರಲಿಲ್ಲ.

ಊರಿಗೆ ಬಂದ ಮೇಲೆ ಅಕ್ಕ ಬದಲಾದಳು. ಕಾಫಿ ಕುಡೀತೀಯಾ ಅಂದರೆ ತಕ್ಷಣ "ಹೂಂ, ಕೊಡು" ಅನ್ನತೊಡಗಿದಳು. ಮದುವೆ ಮನೆಯಲ್ಲಿ ಹೋಳಿಗೆ ಬೇಕೇ ಅಂದರೆ ಹೂಂ. ಕಾರಲ್ಲಿ ಬಿಡಲೇ ಅಂದರೆ ಹೂಂ. ನೆಂಟರು ಬೆನ್ನ ಹಿಂದೆ, ಫಾರಿನ್‌ಗೆ ಹೋಗಿಬಂದು ನಾಚಿಕೆ ಬಿಟ್ಟಳು ಅಂದರು. ಆ ಒಂದೊಂದು ಹೂಂ ಕೇಳಿದಾಗಲೂ ನನಗೆ ಆ ಕೆಂದು ಹಸು ನೆನಪಾಗುತ್ತಿತ್ತು. ಅವಳು ರೇಗಿಸಿಕೊಂಡು ಚಕ್ಕುಲಿ ತಿನ್ನುತ್ತಿದ್ದ ಕಾಲವೇ ವಾಸಿಯಾಗಿತ್ತು.

ಮಳೆ ನಿಂತ ಮೇಲೆ ಭದ್ರಾವತಿಯಲ್ಲಿ ಮನೆಮನೆಗೂ ಚಿಕೂನ್‌ಗುನ್ಯ ಬಂತು. ಅಕ್ಕನಿಗೂ ಬಂತು. ಜ್ವರ ಬಿಟ್ಟಿತು, ಗಂಟು ನೋವು ಬಿಡಲಿಲ್ಲ. ಬೆರಳಿನ ಗೆಣ್ಣುಗಳು ಊದಿ, ಲೋಟ ಹಿಡಿಯುವುದಕ್ಕೂ ಎರಡು ಕೈ ಬೇಕಾಯಿತು. ಡಾಕ್ಟರು ನಿಧಾನವಾಗಿ ಸರಿಹೋಗುತ್ತೆ ಅಂದರು. ಸರಿಹೋಗಲಿಲ್ಲ. ಚಳಿಗಾಲ ಕಳೆದರೂ ಮುಷ್ಟಿ ಮುಚ್ಚುತ್ತಿರಲಿಲ್ಲ.

ಆದರೂ ಅವಳ ಆಸೆಯನ್ನು ಹಾಗೇ ಬಿಡಲು ನನಗೆ ಮನಸ್ಸಾಗಲಿಲ್ಲ. ನನ್ನ ಜೊತೆ ಕೆಲಸ ಮಾಡಿದ ಗೆಳತಿಯೊಬ್ಬರು ಶಂಕರಘಟ್ಟದಲ್ಲಿ ಮನೆ ಕಟ್ಟಿಕೊಂಡು ಎರಡು ಹಸು ಇಟ್ಟಿದ್ದಾರೆ. ಕಾಡಂಚಿನ ಊರು, ಮೇವಿಗೆ ಬರವಿಲ್ಲ. ಒಂದು ಭಾನುವಾರ ಅಕ್ಕನನ್ನು ಆ ಕಡೆ ಹೋಗುವ ಯೂನಿವರ್ಸಿಟಿ ಬಸ್ಸಿಗೆ ಹತ್ತಿಸಿಕೊಂಡು ಹೊರಟೆ. ಯಾಕೆ ಅಂತ ಮೊದಲೇ ಫೋನಿನಲ್ಲಿ ಗೆಳತಿಗೆ ಹೇಳಿದ್ದೆ. ಬೆರಳಿನ ವಿಷಯವನ್ನು ಮಾತ್ರ ಹೇಳಿರಲಿಲ್ಲ.

ಸಂಜೆ ಹಸುಗಳು ಮೇಯ್ದು ಬಂದವು. ಗೆಳತಿ ಕರು ಬಿಟ್ಟು, ಕೆಚ್ಚಲು ತೊಳೆದು, ಪಾತ್ರೆಯನ್ನು ಅಕ್ಕನ ಕಡೆ ಚಾಚಿದರು. "ಕರೀತೀರಾ ಅಕ್ಕಾ?"

"ಹೂಂ, ಕೊಡಿ," ಅಂದಳು ಅಕ್ಕ, ಗೆಳತಿಯ ಮಾತು ಮುಗಿಯುವ ಮೊದಲೇ.

ಸೆರಗು ಸಿಕ್ಕಿಸಿ, ತಲೆಯನ್ನು ಹಸುವಿನ ಪಕ್ಕೆಗೆ ಆನಿಸಿ ಕೂತಳು. ಹಸು ಮಿಸುಕಲಿಲ್ಲ, ಕೈ ಬಲ್ಲವಳು ಎಂದು ಅದಕ್ಕೆ ತಿಳಿಯಿತೋ ಏನೋ. ಮೊಲೆ ಹಿಡಿದಳು. ಹೆಬ್ಬೆರಳು ಮಡಚಿತು, ಉಳಿದ ಬೆರಳು ಮಡಚಲಿಲ್ಲ. ಮತ್ತೆ ಹಿಡಿದಳು. ಪಾತ್ರೆಯ ತಳಕ್ಕೆ ಒಂದೆರಡು ಹನಿ ಬಿತ್ತು, ಅಷ್ಟೇ. ಎಡಗೈಯಿಂದ ಬಲಗೈಯನ್ನು ಅದುಮಿ ನೋಡಿದಳು. ನಾನು ಗೋಡೆಯ ಕಡೆ ತಿರುಗಿ ನಿಂತೆ.

ಅಕ್ಕ ಮೆಲ್ಲಗೆ ಎದ್ದಳು. "ಬೇಡ," ಅಂದಳು.

"ಅಯ್ಯೋ, ಹಂಗಂದ್ರೆ ಆಗಲ್ಲ!" ಗೆಳತಿ ನಗುತ್ತಾ ಅವಳ ಭುಜ ಹಿಡಿದು ಮತ್ತೆ ಕೂರಿಸಲು ನೋಡಿದರು. "ಸಂಕೋಚ ಬೇಡ ಅಕ್ಕಾ, ನಿಮ್ಮದೇ ಹಸು ಅನ್ಕೊಳ್ಳಿ. ಕೂತ್ಕೊಳ್ಳಿ."

"ಬೇಡಮ್ಮಾ."

"ಅದ್ಹೆಂಗೆ ಬೇಡ ಅಂತೀರಿ? ಇಷ್ಟು ದೂರದಿಂದ ಬಂದಿದೀರಿ, ನಾನು ಬಿಡ್ತೀನಾ?" ಗೆಳತಿ ಪಾತ್ರೆಯನ್ನು ಮತ್ತೆ ಅವಳ ಕೈಗೆ ತುರುಕಿದರು.

ಅಕ್ಕ ಪಾತ್ರೆಯನ್ನು ಎರಡೂ ಅಂಗೈಗಳ ನಡುವೆ ಹಿಡಿದುಕೊಂಡು ನನ್ನ ಕಡೆ ನೋಡಿದಳು.

"ನೀನಾದ್ರೂ ಹೇಳೇ," ಅಂದಳು. "ನಿಜವಾಗ್ಲೂ ಬೇಡ."